ಕ್ಲಚ್ಚಣ್ಣನ ಎಡಗಾಲು

ಕನ್ನಡಕದ ಅಂಗಡಿಯವನಿಗೆ ಕ್ಲಚ್ಚಣ್ಣ ಎಂದು ಹೆಸರಿಟ್ಟವರು ಭಾನುವಾರ ಬೆಳಿಗ್ಗೆ ಟೈರ್ ಅಂಗಡಿಯ ಮುಂದೆ ಸೇರುವ ಗೆಳೆಯರು. ಹಳೇ ಟೈರುಗಳ ಮೇಲೆ ಕೂತು, ಚಹಾ ಹೀರುತ್ತ, ಹಾದುಹೋಗುವ ಕಾರುಗಳಿಗೆಲ್ಲ ಜಾತಕ ಬರೆಯುವುದು ಅವರ ಕಾಯಕ. ಅಲ್ಲಿ ಇವನದೇ ಕೊನೆಯ ಮಾತು. ಮೂತಿ ಉಬ್ಬಿದ ಕಾರು ಕಂಡರೆ, "ಪಾಪ, ಹಲ್ಲುನೋವು." ಗೇರು ತಾನಾಗಿ ಬದಲಾಗುವ ಆಟೊಮ್ಯಾಟಿಕ್ ಕಂಡರಂತೂ ಮುಗಿಯಿತು: "ಅದು ಕಾರಲ್ಲ ಕಣ್ರೋ, ಲಿಫ್ಟು! ಹತ್ತೋದು, ಸುಮ್ನೆ ನಿಲ್ಲೋದು, ಇಳಿಯೋದು. ಕ್ಲಚ್ ತುಳೀದೋನು ಡ್ರೈವರ್ರೇ ಅಲ್ಲ!"

ಈ ಮಾತು ಅವನ ಎಡಮಂಡಿಗೆ ಕೇಳಿಸಿತೇನೋ, ಮುಷ್ಕರ ಹೂಡಿತು. "ಕ್ಲಚ್ ಬಿಡಿ, ಇಲ್ಲ ಕಾರು ಬಿಡಿ" ಎಂದರು ಡಾಕ್ಟರು. ಕಾರು ಬಿಟ್ಟರೆ ಟೈರಿನ ಮೇಲೆ ಕೂರುವ ಯೋಗ್ಯತೆ ಹೋಯಿತು. ಕ್ಲಚ್ ಬಿಟ್ಟರೆ ಹೆಸರೇ ಹೋಯಿತು. ಅವನಿಗೆ ಊಟ ಸೇರದಾಯಿತು.

"ನೋಯ್ತಿರೋದು ನಿಮ್ಮ ಮಂಡಿನಾ, ನಿಮ್ಮ ಗೆಳೆಯರದಾ? ಸುಮ್ನೆ ಆಟೊಮ್ಯಾಟಿಕ್ ತಗೊಳ್ರಿ" ಎಂದಳು ಹೆಂಡತಿ.

ತೆಗೆದುಕೊಂಡ. ಗೆಳೆಯರಿಗೆ ಮಾತ್ರ "ಹೊಸ ಕಾರು" ಎಂದನಷ್ಟೆ. ಟೈರ್ ಅಂಗಡಿಯ ಮುಂದೆ ಹಾಯುವಾಗಲೆಲ್ಲ ಗೇರಿನ ಮೇಲೆ ಕೈಯಿಟ್ಟು ಭುಜ ಕುಣಿಸುತ್ತಿದ್ದ, ಗಂಟಲಲ್ಲೇ "ಘ್ರೂಂ" ಎನ್ನುತ್ತ ಎರಡನೇ ಗೇರು ಹಾಕುತ್ತಿದ್ದ.

"ಈ ವಯಸ್ಸಲ್ಲಿ ಬಾಯಲ್ಲಿ ಕಾರು ಓಡಿಸ್ತೀರಲ್ರೀ!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಒಂದು ಭಾನುವಾರ ಆ ಗೆಳೆಯರಲ್ಲಿ ಇಬ್ಬರು, ಟೈಲರ್ ಮತ್ತು ಡ್ರಿಲ್ ಮೇಷ್ಟ್ರು, ಪಟ್ಟು ಹಿಡಿದರು: "ಒಂದು ರೌಂಡ್ ಹೊಡೆಸೋ." ಇವನು ಮುಂದಿನ ಸೀಟಿನ ತುಂಬ ಕನ್ನಡಕದ ಫ್ರೇಮುಗಳ ಡಬ್ಬ ಪೇರಿಸಿ, ಗೇರಿನ ಮೇಲೆ ಗಾಜು ಒರೆಸುವ ಬಟ್ಟೆ ಹೊದಿಸಿ, ಇಬ್ಬರನ್ನೂ ಹಿಂದೆ ಕೂರಿಸಿದ.

"ಗೇರ್ ಬದಲಾಯ್ಸಿದ್ದೇ ಗೊತ್ತಾಗ್ತಿಲ್ಲ ನೋಡಿ ಮೇಷ್ಟ್ರೇ. ಬೆಣ್ಣೆ!" ಎಂದ ಟೈಲರ್.

"ಅದಕ್ಕೇ ಕಣಯ್ಯ ಇವ್ನು ಕ್ಲಚ್ಚಣ್ಣ."

ಹೊಗಳಿಕೆಗೆ ಉಬ್ಬದ ಮನುಷ್ಯ ಉಂಟೇ? ತಿರುವು ಬಂತು. ಇನ್ನೂ ಸೊಗಸಾಗಿ ತೋರಿಸೋಣವೆಂದು ಇಲ್ಲದ ಕ್ಲಚ್ಚನ್ನು ಎಡಗಾಲಿನಿಂದ ಬಲವಾಗಿ ತುಳಿದ. ಕಾಲು ಬಿದ್ದದ್ದು ಬ್ರೇಕಿನ ಮೇಲೆ. ಕಾರು ಗೂಟ ಹೊಡೆದಂತೆ ನಿಂತಿತು. ಫ್ರೇಮುಗಳು ಚೆಲ್ಲಾಡಿದವು, ಟೈಲರನ ಮೂಗು ಸೀಟಿಗೆ ಮುತ್ತಿಟ್ಟಿತು, ಬಟ್ಟೆ ಜಾರಿತು, ಮಂಡಿ "ಅಯ್ಯೋ" ಎಂದಿತು.

ಡ್ರಿಲ್ ಮೇಷ್ಟ್ರು ಮುಂದಕ್ಕೆ ಬಗ್ಗಿ, ಇವನ ಕಾಲಬುಡ ನೋಡುತ್ತ, ಮೈದಾನದ ದನಿಯಲ್ಲೇ ಪೆಡಲು ಎಣಿಸಿದರು: "ಒಂದು... ಎರಡು..."

ಮೂರು ಬರಲೇ ಇಲ್ಲ.

ಹಿಂದಿನ ಕಾರು ಹಾರನ್ ಹೊಡೆಯಿತು. ಕ್ಲಚ್ಚಣ್ಣ ಮಂಡಿ ಸವರಿಕೊಂಡು, ತಿರುಗಿ ನೋಡದೆ ಹೇಳಿದ: "ಲಿಫ್ಟು ಕೆಳಗೆ ಬಂತು ಸ್ವಾಮಿ. ಇಳಿಯೋರು ಇಳೀಬಹುದು."

ಯಾರೂ ಇಳಿಯಲಿಲ್ಲ. ನಕ್ಕು ನಕ್ಕು ಮೇಷ್ಟ್ರಿಗೆ ಕೆಮ್ಮು ಹತ್ತಿತು. ಟೈಲರ್ ಮೂಗು ಉಜ್ಜಿಕೊಳ್ಳುತ್ತ, "ಮೇಲಕ್ಕೂ ಹೋಗುತ್ತೇನೋ, ಲಿಫ್ಟಣ್ಣ?" ಎಂದ.

ಹಳೇ ಹೆಸರು ಹೋಯಿತು. ಮರುಗುವಷ್ಟು ಪುರುಸೊತ್ತೂ ಕೊಡದೆ ಹೊಸದು ಬಂದು ಕೂತಿತ್ತು. ಕಾರು ಹೊರಟಿತು. ಕೈಗೆ ಇನ್ನು ನಟಿಸುವ ಕೆಲಸವಿಲ್ಲ. ಸುಮ್ಮನೆ ಮಂಡಿಯ ಮೇಲೆ ಕೂತಿತು. ಗಂಟಲು ಮಾತ್ರ ಅಭ್ಯಾಸ ಬಿಡದೆ "ಘ್ರೂಂ" ಎಂದಿತು.