ಯಾರಿಗೋ ಅಂದ ಹೂಂ

ಇವತ್ತು ಬೆಳಿಗ್ಗೆ ಬೆಸುಗೆ ಹಾಕುವಾಗ ಸೋಲ್ಡರ್ ಹೊಗೆ ಮೂಗಿಗೆ ಅಡರಿದ್ದೇ ತಡ, ಮೇಷ್ಟ್ರು ನೆನಪಾದರು. ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ, ಆಮೇಲೆ ಐರ್ಲೆಂಡಿಗೆ ಬಂದು ಸರ್ಕ್ಯೂಟ್ ಬೋರ್ಡು ತಯಾರಿಸುವ ನಮ್ಮ ತಂಡದ ಹಿರಿಯರಾದವರು. ಮೇಷ್ಟ್ರು ಅನ್ನುವ ಹೆಸರು ಮಾತ್ರ ಇಲ್ಲಿಯೂ ಅವರನ್ನು ಬಿಡಲಿಲ್ಲ.

ಯಂತ್ರದೊಳಗಿನ ಚಿಪ್‌ಗಳು ಒಂದರೊಡನೊಂದು ಮಾತಾಡುವುದು ಕ್ಯಾನ್ ಕಂಟ್ರೋಲರ್ ಎಂಬ ಬಿಡಿಭಾಗದ ಮೂಲಕ. ಒಂದೇ ಜೋಡಿ ತಂತಿ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ನನಗದನ್ನು ಕಲಿಸಿದವರು ಮೇಷ್ಟ್ರೇ.

"ಅಜ್ಜಿ ಕಥೆ ಹೇಳುವಾಗ ಹೂಂಗುಡ್ತಿದ್ವಲ್ಲ, ಹಾಗೇ. ಯಾರಾದ್ರೂ ಒಬ್ರು ಹೂಂ ಅನ್ನಬೇಕು. ಇಲ್ದಿದ್ರೆ ಪಾಪ, ಈ ಕಂಟ್ರೋಲರ್ ಹೇಳಿದ್ದನ್ನೇ ಹೇಳ್ತಾ ಇರುತ್ತೆ" ಎಂದು ನಕ್ಕಿದ್ದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಹುಷಾರು. ಹೂಂ ಅಂದೋರು ಯಾರು ಅಂತ ಅದಕ್ಕೆ ಗೊತ್ತಾಗಲ್ಲ" ಎಂದಿದ್ದರು.

ಕೊರೊನಾ ಬಂದು ಬೋರ್ಡುಗಳೆಲ್ಲ ನಮ್ಮ ನಮ್ಮ ಮನೆ ಸೇರಿದವು. ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದ ಮೇಷ್ಟ್ರ ಹೆಂಡತಿ, ವಿಮಾನ ನಿಂತು ಅಲ್ಲೇ ಉಳಿದರು. ಕ್ಲಾಂಡಾಲ್ಕಿನ್ ಎಂಬ ಊರಿನ ಮನೆಯಲ್ಲಿ ಮೇಷ್ಟ್ರೊಬ್ಬರೇ. ನಾನು ದೂರದ ರಿಂಗಾಸ್ಕಿಡಿಯಲ್ಲಿ; ಲಾಕ್‌ಡೌನಿನಲ್ಲಿ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ತಂಡದ ಇನ್ನೊಬ್ಬ ಗೆಳೆಯ ಮಾತ್ರ ಅವರ ಪಕ್ಕದ ಬೀದಿಯಲ್ಲಿದ್ದ. ಸಂಜೆಯಾದರೆ ಮೂವರೂ ಫೋನಿನಲ್ಲಿ ಸೇರುತ್ತಿದ್ದೆವು.

ಬರಬರುತ್ತಾ ಅವರ ಮಾತಿಗಿಂತ ಕೆಮ್ಮೇ ಹೆಚ್ಚಾಯಿತು. ಕೇಳಿದರೆ, ಚೆನ್ನಾಗಿದ್ದೀನಿ ಅನ್ನಲು ಇಲ್ಲಿನವರು ಹೇಳುವಂತೆ, "ಗ್ರ್ಯಾಂಡ್ ಕಣಮ್ಮ" ಎಂದು ತೇಲಿಸಿಬಿಡುವರು. ನನಗೇಕೋ ಭಯ... ಒಂದು ಸಂಜೆ ಅವರೇ ಬಾಯಿಬಿಟ್ಟರು.

"ಉಸಿರು ಕಟ್ಟಿದ ಹಾಗಾಗುತ್ತಪ್ಪ. ಬೆಳಿಗ್ಗೆ ಒಂದ್ಸಲ ಬಂದು ಬಾಗಿಲು ತಟ್ಟಿ ನೋಡ್ತೀಯಾ?"

"ಹೂಂ" ಎಂದ ಪಕ್ಕದ ಬೀದಿಯ ಗೆಳೆಯ. ನನ್ನೆದೆ ಹಗುರಾಯಿತು. ಮೇಷ್ಟ್ರೂ ಸಮಾಧಾನದಿಂದಲೇ ಫೋನಿಟ್ಟರು.

ಮರುದಿನ ಮಧ್ಯಾಹ್ನವಾದರೂ ಅವರು ಫೋನೆತ್ತಲಿಲ್ಲ. ಅವನಿಗೆ ಫೋನು ಮಾಡಿ "ಹೋಗಿದ್ಯಾ?" ಎಂದೆ.

"ಎಲ್ಲಿಗೆ?" ಅಂದ.

ಆ ಹೂಂ ಅವನು ತನ್ನ ಮಗಳಿಗೆ ಅಂದದ್ದು. ಬಿಸ್ಕತ್ತು ಬೇಕೆಂದು ಮಡಿಲೇರಿ ಪೀಡಿಸುತ್ತಿದ್ದಳಂತೆ. ಮೇಷ್ಟ್ರ ಮಾತು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ಓಡಿಹೋಗಿ ತಟ್ಟಿದ, ಬಾಗಿಲು ತೆರೆಯಲಿಲ್ಲ. ಪೊಲೀಸರು ಬಂದು ಒಡೆದರು. ಜೀವ ಹೋಗಿ ಹೆಚ್ಚು ಹೊತ್ತಾಗಿಲ್ಲ ಎಂದರಂತೆ. ಅವನನ್ನು ಬಯ್ಯಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮಗುವಿಗೆ ಹೂಂ ಅಂದವನನ್ನು ಏನೆಂದು ಬಯ್ಯಲಿ?

ಇವತ್ತು ಬೆಸುಗೆ ಮುಗಿಸಿ ಬೋರ್ಡಿಗೆ ಕರೆಂಟು ಕೊಟ್ಟೆ. ತಂತಿಯ ಆಚೆ ತುದಿಗೆ ಇನ್ನೂ ಏನನ್ನೂ ಜೋಡಿಸಿರಲಿಲ್ಲ. ಒಂಟಿ ಕಂಟ್ರೋಲರ್ ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುವುದು ಸ್ಕ್ರೀನಿನಲ್ಲಿ ಕಾಣುತ್ತಿತ್ತು. ತಡೆಯಲಾಗಲಿಲ್ಲ.

"ಹೂಂ, ಮೇಷ್ಟ್ರೇ" ಅಂದೆ.

ಅದು ಕಳಿಸುತ್ತಲೇ ಇತ್ತು.