ಮುಚ್ಚಿಟ್ಟ ಮಗ್ಗದ ಸ್ಪ್ರಿಂಗು

ಹುರಿದ ಹುಣಸೆಬೀಜದ ವಾಸನೆ ಬಂದರೆ ನನಗೆ ಬಾಯಲ್ಲಿ ನೀರೂರುವುದಿಲ್ಲ, ಸಿಟ್ಟು ಬರುತ್ತದೆ. ಮೊನ್ನೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಯಾರದೋ ಮನೆಯಲ್ಲಿ ಹುರಿಯುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ನಾನು ನಿಂತಲ್ಲೇ ಮೊಳಕಾಲ್ಮೂರಿನ ನಮ್ಮ ಮನೆಗೆ ಹೋಗಿಬಿಟ್ಟೆ. ಆ ಮನೆ ಈಗಿಲ್ಲ. ಉದ್ದನೆಯ ಪಡಸಾಲೆ, ಅದರ ತುಂಬ ಮಗ್ಗಗಳು, ನೂಲಿಗೆ ಬಳಿದ ಗಂಜಿಯ ಹುಳಿವಾಸನೆ, ಬೆಳಗಾದರೆ ಲಾಳಿ ಓಡುವ ಸದ್ದು. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದಿರಬಹುದು. ಅದು ನಿಂತ ಮೇಲೆಯೇ ಇಷ್ಟು ದಿನ ಕೇಳಿಸುತ್ತಿತ್ತೆಂದು ಗೊತ್ತಾಗುವುದು.

ಆ ಪಡಸಾಲೆಯಲ್ಲಿ ನನ್ನ ಅಕ್ಕ ಗಿರಿಜೆ, ಹತ್ತನೇ ಕ್ಲಾಸಿನಲ್ಲಿದ್ದಾಗ, ಬಿದಿರಿನ ಕೊಳವೆಯೊಳಗೆ ಸ್ಪ್ರಿಂಗ್, ಅದರ ಮುಂದೆ ತಳ್ಳುವ ಕಡ್ಡಿ ಕೂರಿಸಿ ಬೀಜ ಹಾರಿಸುವ ಬಂದೂಕು ಮಾಡಿದಳು, ಚಳ್ಳಕೆರೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು. ಅದನ್ನು ಸ್ಟೂಲಿನ ಮೇಲೆ ಮಟ್ಟಸವಾಗಿ ಮಲಗಿಸಿ, ನೆಲದ ಮೇಲೆ ಒಲೆಯ ಬೂದಿ ಹರಡಿ, ಪ್ರತಿಸಲವೂ ಅದೇ ಗುರುತಿನವರೆಗೆ ಸ್ಪ್ರಿಂಗ್ ಒತ್ತಿ ಬಿಡುತ್ತಿದ್ದಳು. ಹುರಿದ ಹುಣಸೆಬೀಜ ಬಾಗಿಲ ಹತ್ತಿರ ಬೀಳುತ್ತಿತ್ತು, ಗೋಲಿ ಅರ್ಧದಾರಿಯಲ್ಲಿ, ಕಬ್ಬಿಣದ ನಟ್ಟು ಸ್ಟೂಲಿನ ಬುಡದಲ್ಲೇ. “ನೋಡೇ, ಎತ್ತರ ಒಂದೇ ಐತೆ, ಬೀಳಾಕೆ ಎಲ್ಲಕ್ಕೂ ಒಂದೇ ಹೊತ್ತು. ದೂರ ಹೋಗಿದ್ದೇ ಜೋರಾಗಿ ಹೊರಟಿದ್ದು.” ಸ್ಪ್ರಿಂಗಿನ ಕಸುವು ಪ್ರತಿಸಲವೂ ಅಷ್ಟೇ, ಭಾರದ್ದು ಅದರಲ್ಲಿ ನಿಧಾನ ಹೊರಡುತ್ತದೆ, ಹಗುರದ್ದು ಬೇಗ. ಹಾಗಾದರೆ ಬೀಜದ ಚೂರು ಹಾಕಿದರೆ ಊರಾಚೆ ಹೋಗಬೇಕಲ್ಲ ಎಂದೆ. ನಕ್ಕುಬಿಟ್ಟಳು. “ಇಲ್ಲ ಕಣೇ. ತಳ್ಳೋ ಕಡ್ಡೀನೂ ಜೊತೀಗೆ ಓಡಬೇಕಲ್ಲ, ಅದರ ಭಾರ ಎಲ್ಲಿಗೆ ಹೋಗ್ತೈತೆ?” ಹಾರಿದ ಬೀಜಗಳ ಬೂದಿ ಒರೆಸಿ ನಾನು ತಿನ್ನುತ್ತಿದ್ದೆ.

ಸ್ಪ್ರಿಂಗ್ ಸಿಕ್ಕಿದ್ದು ಮೂಲೆಯ ಮಗ್ಗದಿಂದ. ಅದಕ್ಕೆ ಹಳೆಯ ದುಪ್ಪಟಿ ಹೊದಿಸಿತ್ತು. ಕೆಲಸವಿಲ್ಲದ ಮಗ್ಗ ಎಂದುಕೊಂಡು ಅಕ್ಕ ದುಪ್ಪಟಿ ಸರಿಸದೆ ಮೇಲಿನ, ಸೆರಗಿನ ಹೂವು ಮೂಡಿಸುವ ಜಕಾರ್ಡ್ ಪೆಟ್ಟಿಗೆಗೆ ಕೈಹಾಕಿ ಬಿಚ್ಚಿಕೊಂಡಿದ್ದಳು. ಪ್ರದರ್ಶನದ ಹಿಂದಿನ ದಿನ ಅಪ್ಪ ದುಪ್ಪಟಿ ತೆಗೆದರು. ಕೆಳಗೆ ಕುಂಕುಮಗೆಂಪು ರೇಷ್ಮೆಯ ಹಾಸುನೂಲು ಮಗ್ಗಕ್ಕೆ ಏರಿತ್ತು. ನಮ್ಮ ಮನೆಯಲ್ಲಿ ಮಗಳ ಮದುವೆ ಸೀರೆಯ ನೂಲನ್ನು, ದೃಷ್ಟಿಯಾಗದಂತೆ, ನೇಯಲು ಕೂರುವವರೆಗೆ ಮುಚ್ಚಿಡುತ್ತಿದ್ದರು. ಆ ಮಗ್ಗದಿಂದ ಒಂದು ಮೊಳೆ ಕಿತ್ತರೂ ಅಪಶಕುನ.

“ಯಾವಳೇ ಕೈ ಹಾಕಿದ್ದು? ಯಾರ ಮದುವೆ ಸೀರೆ ಅಂದ್ಕಂಡೀಯ ಇದು?” ಎಂದು ಅಪ್ಪ ಕೂಗಿದರು.

“ಯಾರದಪ್ಪಾ?” ಎಂದಳು ಅಕ್ಕ, ನಿಜಕ್ಕೂ ಗೊತ್ತಿಲ್ಲದೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡು ರಾಯದುರ್ಗದ ಕಡೆಯವನು, ಮಾತುಕತೆ ಮುಗಿದಿತ್ತು, ಮದುವೆಯಾಗಬೇಕಾದ ಅಕ್ಕನೊಬ್ಬಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅಪ್ಪ ಕೊಳವೆಯನ್ನು ಸೀಳಿ ಸ್ಪ್ರಿಂಗ್ ತೆಗೆದು ಮಗ್ಗಕ್ಕೆ ಹಾಕಿದರು. ಮರುದಿನ ಚಳ್ಳಕೆರೆಯ ಬಸ್ಸು ಅವಳನ್ನು ಬಿಟ್ಟು ಹೋಯಿತು. ಶಾಲೆಯೂ ಅಲ್ಲಿಗೇ ನಿಂತಿತು.

ಆಗಿನ ಕಾಲವೇ ಹಾಗಿತ್ತು ಎಂದು ನೆಂಟರು ಈಗ ಸಮಾಧಾನ ಹೇಳುತ್ತಾರೆ. ಕಾಲದ ಮೇಲೆ ಗೂಬೆ ಕೂರಿಸಿದರೆ ನನ್ನ ಮೈ ಉರಿಯುತ್ತದೆ. ಆ ದುಪ್ಪಟಿ ಹೊದಿಸಿದ್ದು ಕಾಲವಲ್ಲ, ನನ್ನಪ್ಪ. ನಾನು ಅವರನ್ನು ಪ್ರೀತಿಸುತ್ತಿದ್ದೆ, ಅದಕ್ಕೇ ಈ ಸಿಟ್ಟು ಅವರು ಹೋದ ಮೇಲೂ ಆರಿಲ್ಲ. ಮಗ್ಗಗಳು ಹೋದವು, ಪಡಸಾಲೆ ಹೋಯಿತು, ಅವ್ವನೂ ಹೋದಳು. ಹೋದ ವರ್ಷ ಅಕ್ಕ ಆ ಸೀರೆಯನ್ನು ನನ್ನ ಕೈಗಿಟ್ಟು, “ನೀನು ಉಡೇ, ನಂಗೆ ಭಾರ ಆಗ್ತೈತೆ” ಎಂದಳು. ಮನೆಗೆ ತಂದು ಬಿಡಿಸಿ ನೋಡಿದೆ. ಸೆರಗಿನ ಹೂವುಗಳಲ್ಲಿ ಒಂದೆಳೆಯೂ ತಪ್ಪಿಲ್ಲ. ಸ್ಪ್ರಿಂಗು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ನಾನದನ್ನು ಇವತ್ತಿನವರೆಗೂ ಉಟ್ಟಿಲ್ಲ.