ಹಸಿ ಗೋಣಿಚೀಲ

ಕುಷ್ಟಗಿ ಹತ್ತಿರದ ನಮ್ಮ ದಾಳಿಂಬೆ ತೋಟದಲ್ಲಿ ನೀರೆತ್ತಲು ಮೊದಲು ಡೀಸೆಲ್ ಇಂಜಿನ್ ಇತ್ತು. ಅದು ಕಾದರೆ ಅಪ್ಪ ಮೇಲೆ ಹಸಿ ಗೋಣಿಚೀಲ ಹೊದಿಸುತ್ತಿದ್ದ. ಅದರ ಹೊಗೆ, ಗದ್ದಲ ನನಗೆ ಸಾಕುಸಾಕಾಗಿತ್ತು.

ಸೋಲಾರ್ ಪಂಪು ಬಂದ ಮೊದಲ ದಿನವೇ ನಡುಮಧ್ಯಾಹ್ನ ನೀರು ಇದ್ದಕ್ಕಿದ್ದಂತೆ ನಿಂತಿತು. ಇದೂ ಕೈಕೊಟ್ಟಿತೆಂದು ಬೈಯುತ್ತಾ ಓಡಿದೆ. ನೋಡಿದರೆ ಸೋಲಾರ್ ಪ್ಲೇಟುಗಳ ಮೇಲೆಲ್ಲ ಹಸಿ ಚೀಲಗಳು!

"ಕೈಯಿಟ್ಟು ನೋಡಿದ್ನೆಪಾ, ಭಾಳ ಕಾದಿತ್ತು. ಸುಟ್ಟು ಹೋದ್ರ?" ಎಂದ ಅಪ್ಪ.

ಅವ್ವ ನಗುತ್ತಾ ಚೀಲಗಳನ್ನು ಎಳೆದಳು. "ಅದು ಬಿಸಿಲು ಉಂಡೇ ದುಡಿತೈತ್ರಿ. ನೀವು ನೆರಳಿಗೆ ಬರ್ರಿ."

ಬೇವಿನ ಮರದ ಕೆಳಗೆ ಮೂವರೂ ಕುಳಿತೆವು. ಹೊಂಡಕ್ಕೆ ನೀರು ಬೀಳುವ ಸದ್ದು ಕೇಳಿಸಿತು. ಇಷ್ಟು ವರ್ಷ ಇಂಜಿನ್ ಅದನ್ನು ನಮಗೆ ಕೇಳಗೊಟ್ಟಿರಲೇ ಇಲ್ಲ.